ಅಂಕಿತವುಳ್ಳ ಹೆಸರು: ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಗಳಿಗೆ ಒಂದು ಬಹಿರಂಗ ಪತ್ರ



ಕಳೆದ ಕಾರ್ತಿಕದ ಒಂದು ಮಧ್ಯಾಹ್ನ, ನಿಮ್ಮೂರಿನ ಓಣಿಯೊಂದರ ಕೊನೆಯ ಮನೆಯಲ್ಲಿ, ಲೇತಿನ ಪಕ್ಕಕ್ಕೆ ಹಾಸಿದ ಗೋಣಿಚೀಲದ ಮೇಲೆ ಕುಳಿತು, ಹಿರಿಯರೊಬ್ಬರು ಬುಗುರಿಗೆ ಬಣ್ಣವೇರಿಸುವುದನ್ನು ನೋಡುತ್ತಿದ್ದೆನು. ತಿರುಗುತ್ತಿದ್ದ ಹಾಲೆ ಮರದ ತುಂಡಿಗೆ ಅವರು ಕೆಂಪು ಅರಗಿನ ಕಡ್ಡಿಯನ್ನು ಒತ್ತಿ ಹಿಡಿದೊಡನೆ ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಂಡಿತು. ಬಳಿಕ ಮಡಿಸಿದ ತಾಳೆಗರಿಯೊಂದನ್ನು ಅದರ ಮೇಲೆ ಒತ್ತಿ ಒಮ್ಮೆ ಎಳೆದರು. ಅದುವರೆಗೆ ಮಂಕಾಗಿದ್ದ ಬಣ್ಣ ಗಾಜಿನಂತೆ ಹೊಳೆಯಿತು. ಕೆಲಸ ಮುಗಿಯಿತೆಂದು ನಾನು ತಿಳಿದಿರುವಾಗಲೇ ಅವರು ಮತ್ತೆ ಕಡ್ಡಿ ಬದಲಿಸಿ, ಬುಗುರಿಯ ಮೊಳೆಗೆ ಬೆರಳಗಲ ಮೇಲೆ, ಹಳದಿ, ಕೆಂಪು, ಹಳದಿ ಎಂದು ಕೂದಲೆಳೆಯಂಥ ಮೂರು ಗೆರೆಗಳನ್ನು ಹಾಕಿದರು. ಇದೇತಕ್ಕೆಂದು ಕೇಳಿದೆ. "ನಮ್ಮಪ್ಪ ಹಾಕ್ತಿದ್ದ ಗುರ್ತು ಸಾರ್, ನಾನೂ ಬಿಟ್ಟಿಲ್ಲ" ಎಂದರು.

ಆ ವೇಳೆಗೆ ಅವರ ಮಗ ಒಂದು ರಟ್ಟಿನ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದನು. ಅದರ ಮಗ್ಗುಲಲ್ಲಿ ಸ್ಕೆಚ್ ಪೆನ್ನಿನಿಂದ ಏಳು ಹೆಸರುಗಳನ್ನು ಬರೆದಿದ್ದನು. ತಮ್ಮ ಮನೆಯ ಬೊಂಬೆಗಳನ್ನು ದಲ್ಲಾಳಿಯ ಹಂಗಿಲ್ಲದೆ ನೇರವಾಗಿ ಮಾರುವ ಒಂದು ಜಾಲತಾಣಕ್ಕೆ ಹೆಸರು ಹುಡುಕುತ್ತಿದ್ದನು. ಏಳರಲ್ಲಿ ಆರು ಹೆಸರುಗಳು ಊರಿನ ಹೆಸರಿನಿಂದಲೇ ತೊಡಗಿ, ಬೊಂಬೆಯೆಂಬ ಅರ್ಥದ ಒಂದು ಇಂಗ್ಲಿಷ್ ಮಾತಿನಲ್ಲಿ ಮುಗಿಯುತ್ತಿದ್ದವು. "ಸಾರ್, ಇದ್ರಲ್ಲಿ ಯಾವ್ದು ತಗೊಂಡ್ರೆ ಗೂಗಲ್‌ನಲ್ಲಿ ಫಸ್ಟ್ ಬರುತ್ತೆ?" ಎಂದು ಅವನು ಕೇಳಿದನು. ಹಿರಿಯರು ಲೇತಿನಿಂದ ತಲೆಯೆತ್ತದೆ, "ಫಸ್ಟ್ ಬರೋದಿರ್ಲಿ ಮಗ, ಬಂದೋರ್ಗೆ ಅದು ನಮ್ದೇ ಅಂತ ಗೊತ್ತಾಗುತ್ತಾ?" ಎಂದರು.

ಬಸ್ಸಿಗೆ ಹೊತ್ತಾಗಿದ್ದುದರಿಂದ ಇಬ್ಬರಿಗೂ ಸರಿಯಾದ ಉತ್ತರ ಹೇಳದೆ ಹೊರಟುಬಂದೆ. ಹದಿನೈದು ವರ್ಷಗಳಿಂದ ಸಣ್ಣ ವ್ಯಾಪಾರಿಗಳಿಗೂ ಕೈಕಸುಬಿನವರಿಗೂ ಜಾಲತಾಣಗಳನ್ನು ಕಟ್ಟಿಕೊಡುತ್ತ ಬಂದಿರುವ ನನಗೆ ಆ ಎರಡು ಪ್ರಶ್ನೆಗಳ ನಡುವೆಯೇ ಈ ವಿಷಯದ ಸಾರವೆಲ್ಲ ಅಡಗಿದೆಯೆಂದು ಬಸ್ಸಿನಲ್ಲಿ ಕುಳಿತ ಮೇಲೆ ತೋರಿತು. ಮಗನ ಪ್ರಶ್ನೆಯನ್ನು ನಿಮ್ಮೂರಿನ ಬೇರೆ ಮನೆಗಳ ತರುಣರೂ ನನ್ನಲ್ಲಿ ಕೇಳಿರುವುದರಿಂದ, ಉತ್ತರವನ್ನು ಒಬ್ಬರಿಗೆ ಬರೆಯದೆ ಎಲ್ಲರಿಗೂ ಬರೆಯುತ್ತಿದ್ದೇನೆ.

ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ; ಆ ಅಂಕಿಗಳನ್ನು ಮನುಷ್ಯನು ನೆನಪಿನಲ್ಲಿಡಲಾರನೆಂಬ ಕಾರಣದಿಂದ, ಹೆಸರು ಹೇಳಿದರೆ ಅಂಕಿಯನ್ನು ತೋರಿಸಿಕೊಡುವ ವ್ಯವಸ್ಥೆಯೊಂದನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ಅಮೆರಿಕದ ವಿಜ್ಞಾನಿ ರೂಪಿಸಿದರು. ಡೊಮೇನ್ ಎಂದು ನಾವು ಕರೆಯುವುದು ಆ ಹೆಸರನ್ನೇ. ಡಾಟ್ ಕಾಮ್ ಎಂಬ ಅಂತ್ಯವುಳ್ಳ ಮೊದಲನೆಯ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು. 1995ರವರೆಗೆ ಇಂಥ ಹೆಸರಿಗೆ ಶುಲ್ಕವೇ ಇರಲಿಲ್ಲ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1999ರಲ್ಲಿ, ವ್ಯಾಪಾರ ಎಂಬರ್ಥದ ಒಂದೇ ಒಂದು ಇಂಗ್ಲಿಷ್ ಮಾತು ಡಾಟ್ ಕಾಮ್ ಸಹಿತ 75 ಲಕ್ಷ ಡಾಲರಿಗೆ ಮಾರಾಟವಾಯಿತು. ಆಡುಮಾತಿನ ಸರಳ ಪದಗಳು ಅಂದಿಗೇ ಮುಗಿದುಹೋದವೆಂದು ತಿಳಿಯಿರಿ. ಈಗ ಉಳಿದಿರುವುದು ಪದಗಳ ಜೋಡಣೆಯಲ್ಲಿ ತೋರಬಹುದಾದ ಚಾತುರ್ಯ ಮಾತ್ರ.

ಗಿರಾಕಿಯು ಹುಡುಕುವಾಗ ಬೆರಳಚ್ಚಿಸುವ ಮಾತಿಗೆ ಕೀವರ್ಡ್ ಎನ್ನುತ್ತಾರೆ. ಆ ಮಾತನ್ನೇ ಅಂಗಡಿಯ ಹೆಸರಾಗಿ ಇಟ್ಟುಬಿಟ್ಟರೆ ಹುಡುಕಿದವನು ನೇರವಾಗಿ ನಮ್ಮ ಬಾಗಿಲಿಗೇ ಬಂದಾನು ಎಂಬುದು ನಿಮ್ಮ ಮಕ್ಕಳಿಗೆ ಯಾರೋ ಹೇಳಿಕೊಟ್ಟಿರುವ ಉಪದೇಶ. ಇದು ಒಂದು ಕಾಲಕ್ಕೆ ನಿಜವಾಗಿತ್ತೆಂಬುದನ್ನು ನಾನು ಮುಚ್ಚಿಡುವುದಿಲ್ಲ. ನಾನೇ ಹಾಗೆ ಹೇಳಿ ಹೆಸರುಗಳನ್ನು ಕೊಡಿಸಿದ್ದುಂಟು. ಹುಡುಕುಯಂತ್ರವು ಹೆಸರಿನಲ್ಲಿರುವ ಮಾತಿಗೆ ಬೆಲೆ ಕೊಡುತ್ತಿತ್ತು. ಅದಲ್ಲದೆ, ಬೇರೆಯವರು ನಮ್ಮ ತಾಣಕ್ಕೆ ಕೊಂಡಿ ಕೊಡುವಾಗ ಹೆಸರನ್ನು ಬರೆದರೆ ಕೀವರ್ಡನ್ನೂ ಬರೆದಂತಾಗಿ, ಅದರ ಬಲವೂ ನಮಗೇ ಸೇರುತ್ತಿತ್ತು. ಇದರ ಫಲವೇನೆಂದರೆ, ಒಳಗೆ ಸರಕಿಲ್ಲದ, ಹೊರಗೆ ಹೆಸರು ಮಾತ್ರವಿರುವ ಸಾವಿರಾರು ಪೊಳ್ಳು ತಾಣಗಳು ಮೊದಲ ಸಾಲಿಗೆ ಬಂದು ಕುಳಿತವು. 2012ರ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಗೂಗಲ್ ಸಂಸ್ಥೆಯು ತನ್ನ ಎಣಿಕೆಯ ಕ್ರಮವನ್ನು ತಿದ್ದಿ, ಹುಡುಕುವ ಮಾತನ್ನು ಹಾಗೆಹಾಗೆಯೇ ಹೆಸರಾಗಿ ಹೊತ್ತಿದ್ದ ಕಳಪೆ ತಾಣಗಳನ್ನು ಕೆಳಕ್ಕೆ ತಳ್ಳಿತು. ಆಮೇಲೆಯೂ ಕೀವರ್ಡುಳ್ಳ ಹೆಸರು ದೋಷವೆಂದಲ್ಲ. ಅದೊಂದೇ ಬಂಡವಾಳವಾಗಿ ನಡೆಯುವುದಿಲ್ಲ, ಅಷ್ಟೆ. ಹುಡುಕಿದ ಪಟ್ಟಿಯ ಮೇಲೆ ಕಣ್ಣಾಡಿಸುವ ಮನುಷ್ಯನಿಗೆ, ಇಲ್ಲಿ ಬೊಂಬೆ ಸಿಗುತ್ತದೆ ಎಂಬ ಭರವಸೆಯನ್ನು ಹೆಸರಿನಲ್ಲಿರುವ ಆ ಮಾತು ಇಂದಿಗೂ ಕೊಡುತ್ತದೆ; ಯಂತ್ರಕ್ಕಿಂತ ಹೆಚ್ಚಾಗಿ ಮನುಷ್ಯನ ಕಣ್ಣಿಗೆ ಅದರ ಉಪಯೋಗ.

ಮಗನ ಪ್ರಶ್ನೆಗೆ ಇಷ್ಟು ಸಾಕು. ತಂದೆಯ ಪ್ರಶ್ನೆಯು ಇದಕ್ಕಿಂತ ಆಳವಾದುದು.

ನಮ್ಮ ಹರಿದಾಸರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಬಿಡಿಸಿಟ್ಟಿದ್ದಾರೆಂದು ನನ್ನ ಭಾವನೆ. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ: ಈ ಅಂಕಿತಗಳಲ್ಲಿ ವಿಠಲನೆಂಬುದು ಎಲ್ಲರಿಗೂ ಸೇರಿದ ಮಾತು, ಅದನ್ನು ಕೇಳಿದೊಡನೆ ಇದು ದಾಸರ ಪದವೆಂದು ತಿಳಿಯುತ್ತದೆ, ಅದರ ಮುಂದಿರುವ ಮಾತು ಒಬ್ಬೊಬ್ಬರದು, ಅದನ್ನು ಕೇಳಿದೊಡನೆ ಯಾರ ಪದವೆಂದು ತಿಳಿಯುತ್ತದೆ. ವಿಠಲನೆಂದು ಮಾತ್ರ ಎಲ್ಲರೂ ಅಂಕಿತವಿಟ್ಟುಕೊಂಡಿದ್ದರೆ ಹಾಡುವವರಿಗೆ ಭಕ್ತಿಯ ಕೊರತೆಯೇನೂ ಆಗುತ್ತಿರಲಿಲ್ಲ. ಆದರೆ ಪುರಂದರದಾಸರ ಪದ ಯಾವುದು, ವಿಜಯದಾಸರ ಪದ ಯಾವುದೆಂದು ಇಂದು ನಾವು ಬೇರ್ಪಡಿಸಲಾರದೆ ಹೋಗುತ್ತಿದ್ದೆವು. ನಿಮ್ಮ ಮಕ್ಕಳು ರಟ್ಟಿನ ಮೇಲೆ ಬರೆದಿರುವ ಆರು ಹೆಸರುಗಳು ಬರಿಯ ವಿಠಲಗಳು. ಊರೂ ನಿಮ್ಮೆಲ್ಲರದು, ಬೊಂಬೆಯೂ ನಿಮ್ಮೆಲ್ಲರದು. ಆ ಹೆಸರಿನಲ್ಲಿ ಆ ಮನೆಯದು ಎನ್ನುವಂಥದು ಒಂದಕ್ಷರವೂ ಇಲ್ಲ. ಒಮ್ಮೆ ಕೊಂಡು ಮೆಚ್ಚಿದ ತಾಯಿಯೊಬ್ಬಳು ಎರಡನೆಯ ಮಗುವಿಗೆ ಗಿಲಕಿ ಬೇಕೆಂದು ಮತ್ತೆ ಹುಡುಕುವಾಗ, ಅದೇ ಬಗೆಯ ಹತ್ತು ಹೆಸರುಗಳ ನಡುವೆ ಹಿಂದೆ ತಾನು ಕೊಂಡ ಅಂಗಡಿ ಯಾವುದೆಂದು ಹೇಗೆ ತಾನೆ ಅರಿತಾಳು?

ಊರಿನ ಹೆಸರನ್ನೇ ಅಂಕಿತದೊಳಗೆ ಸೇರಿಸಿಕೊಂಡವರು ಇಲ್ಲವೇ ಎಂದು ನೀವು ಕೇಳಬಹುದು. ಇದ್ದಾರೆ; ಶಿಶುನಾಳಧೀಶನೆಂದು ಹಾಡಿದ ಶರೀಫರು ಇದ್ದಾರೆ. ಆದರೆ ಆ ಊರಿನ ಹೆಸರನ್ನು ಅಂಕಿತದಲ್ಲಿ ಹೊತ್ತು ನಾಡೆಲ್ಲ ಪ್ರಸಿದ್ಧರಾದವರು ಅವರೊಬ್ಬರೇ. ನಿಮ್ಮೂರಿನಲ್ಲಾದರೋ ಒಂದೇ ಓಣಿಯಲ್ಲಿ ಹತ್ತು ಲೇತುಗಳು ತಿರುಗುತ್ತವೆ.

ಆದಕಾರಣ ನನ್ನ ಸಲಹೆಯು ಇಷ್ಟು: ಮೊದಲು ಮನೆಯ ಅಂಕಿತ, ಅದರ ಹಿಂದೆ ಒಂದೇ ಒಂದು ಸಣ್ಣ ಕೀವರ್ಡ್, ಬೊಂಬೆಯೆಂದೋ ಟಾಯ್ಸ್ ಎಂದೋ, ಅಲ್ಲಿಗೆ ನಿಲ್ಲಿಸಿ. ಹೆಸರಿನ ಒಂದು ಭಾಗದಲ್ಲಿ 63 ಅಕ್ಷರಗಳವರೆಗೆ ಅವಕಾಶವಿದೆಯೆಂಬುದು ನಿಜ. ಹಾಗೆಂದು ಊರು, ಮರ, ಬೊಂಬೆ, ಆನ್‌ಲೈನ್ ಎಂದು ಎಲ್ಲವನ್ನೂ ಅದರೊಳಗೆ ತುರುಕಬೇಕಾದುದಿಲ್ಲ. ಹೆಸರಿನಲ್ಲಿ ಹಿಡಿಸದ ಕೀವರ್ಡುಗಳಿಗೆಲ್ಲ ಪುಟದ ಶೀರ್ಷಿಕೆಯಲ್ಲಿಯೂ ಬೊಂಬೆಯ ಕೆಳಗೆ ಬರೆಯುವ ವಿವರಣೆಯಲ್ಲಿಯೂ ಧಾರಾಳವಾಗಿ ಸ್ಥಳವಿದೆ. ಇದು ಹಾಲೆ ಮರದ್ದು, ಈ ಹಳದಿ ಅರಿಶಿನದಿಂದ ಬಂದದ್ದು, ಮಗು ಬಾಯಿಗಿಟ್ಟುಕೊಂಡರೂ ಭಯವಿಲ್ಲ ಎಂದು ಅಲ್ಲಿ ನಾಲ್ಕು ವಾಕ್ಯಗಳನ್ನು ನಿಮ್ಮದೇ ಮಾತಿನಲ್ಲಿ ಬರೆದರೆ, ಅದು ನಲವತ್ತಕ್ಷರದ ಹೆಸರಿಗಿಂತ ಹೆಚ್ಚು ಜನರನ್ನು ಕರೆತರುತ್ತದೆ.

ಇನ್ನು ಅಕ್ಷರಗಳ ವಿಷಯ. ಇದರಲ್ಲಿ ಸ್ವಲ್ಪ ಕಾಲ ನಿಲ್ಲಬೇಕಾಗಿದೆ, ಏಕೆಂದರೆ ಕನ್ನಡದ ಮಾತನ್ನು ರೋಮನ್ ಲಿಪಿಯಲ್ಲಿ ಬರೆಯುವಲ್ಲಿ ನಮ್ಮವರು ಕಳೆದುಕೊಳ್ಳುವಷ್ಟು ಗಿರಾಕಿಗಳನ್ನು ಬೇರೆಲ್ಲಿಯೂ ಕಳೆದುಕೊಳ್ಳುವುದನ್ನು ನಾನು ಕಂಡಿಲ್ಲ. ನಿಮ್ಮೂರಿನ ಹೆಸರನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿಯೇ ಚನ್ನಪಟ್ಟಣವೆಂದೂ ಚೆನ್ನಪಟ್ಟಣವೆಂದೂ ಎರಡು ಬಗೆಯಾಗಿ ಬರೆಯುತ್ತಾರೆ. ರೋಮನ್ ಲಿಪಿಗೆ ಹೋದರೆ ಮೊದಲಕ್ಷರದ ಬಳಿಕ ಎ ಎಂದೋ ಇ ಎಂದೋ, ಟಿ ಒಂದೋ ಎರಡೋ, ಕೊನೆಯ ಣಕಾರದ ಮುಂದೆ ಸ್ವರವುಂಟೋ ಇಲ್ಲವೋ ಎಂದು ಒಂದೊಂದು ಕವಲಿನಲ್ಲಿಯೂ ಎರಡೆರಡು ದಾರಿ. ಮೂರು ಕವಲುಗಳು ಸೇರಿದರೆ ಎಂಟು ರೂಪಗಳು. ಆ ಹುಡುಗನ ರಟ್ಟಿನ ಮೇಲಿದ್ದ ಆರು ಹೆಸರುಗಳಲ್ಲಿಯೇ ಊರಿನ ಹೆಸರು ಮೂರು ಬಗೆಯಾಗಿತ್ತು. ಅವನು ಅದನ್ನು ಗಮನಿಸಿರಲೇ ಇಲ್ಲ.

ಹಾಲೆ ಎಂಬ ಮರದ ಹೆಸರು ಚೆಲುವಾದುದು, ಅದನ್ನೇ ಅಂಕಿತವಾಗಿ ಇಟ್ಟುಕೊಳ್ಳೋಣವೆಂದು ನಿಮ್ಮಲ್ಲಿ ಒಬ್ಬರು ಹೇಳಿದ್ದರು. ರೋಮನ್ ಲಿಪಿಯಲ್ಲಿ ಹಾಲೆಗೂ ಹಳೆಗೂ ಭೇದವಿಲ್ಲ. ದೀರ್ಘವನ್ನು ತೋರಿಸಲು ಎಲ್ಲರೂ ಎರಡು ಎ ಬರೆಯುವುದಿಲ್ಲ, ಲಕಾರ ಳಕಾರಗಳಿಗೆ ಬೇರೆ ಬೇರೆ ಅಕ್ಷರಗಳೇ ಇಲ್ಲ. ಅಪ್ಪಟ ಹಾಲೆ ಮರದ ಬೊಂಬೆಯೆಂದು ನೀವು ಬರೆದದ್ದನ್ನು ಓದಿದ ಕನ್ನಡಿಗನು ಹಳೆಯ ಮರದ ಬೊಂಬೆಯೆಂದು ತಿಳಿದಾನು. ನಿಮ್ಮಲ್ಲಿ ಕೆಲವರು ಇದೇ ಮರವನ್ನು ಆಲೆ ಎನ್ನುತ್ತೀರಿ; ಅಲ್ಲಿಗೆ ಮೊದಲಕ್ಷರವೂ ಹೋಯಿತು. ಗೊಂಬೆಯೆಂದು ಬರೆದರೆ, ಅದೇ ಅಕ್ಷರಗಳ ಹೆಸರುಳ್ಳ ರಾಜ್ಯವೊಂದು ನೈಜೀರಿಯದಲ್ಲಿದೆ. ಜೇನ್ ಗೂಡಾಲ್ 1960ರಲ್ಲಿ ಚಿಂಪಾಂಜಿಗಳ ಅಧ್ಯಯನಕ್ಕೆ ತೊಡಗಿದ ಟಾಂಜಾನಿಯದ ಕಾಡಿಗೂ ಅದೇ ಹೆಸರು. ಹುಡುಕಿದವನ ಮುಂದೆ ಅವೇ ಮೊದಲು ಬಂದು ನಿಲ್ಲುತ್ತವೆ. ಬೊಂಬೆಯೆಂದು ಬರೆದರೆ, ಕನ್ನಡವರಿಯದವನ ಕಣ್ಣಿಗೆ ಮೊದಲು ಕಾಣುವುದು ಸಿಡಿಗುಂಡಿನ ಹೆಸರು. ಕನ್ನಡಿಗರಿಗೆಂದೇ ಮಾರುವುದಾದರೆ ಬೊಂಬೆಯೇ ಇರಲಿ. ಹೊರನಾಡಿಗೂ ಕಳಿಸುವ ಉದ್ದೇಶವಿದ್ದರೆ ಟಾಯ್ಸ್ ಎಂಬುದು ಕ್ಷೇಮ.

ಡೊಮೇನಿನಲ್ಲಿ ಪದಗಳ ನಡುವೆ ತೆರಪಿಲ್ಲ, ದೊಡ್ಡಕ್ಷರ ಸಣ್ಣಕ್ಷರಗಳ ಭೇದವೂ ಇಲ್ಲ. ಸಂಧಿಯಾದ ಪದವನ್ನು ಓದುಗನೇ ಬಿಡಿಸಿಕೊಳ್ಳಬೇಕಾದಂತೆ ಇಲ್ಲಿಯೂ ಪದಚ್ಛೇದವನ್ನು ನೋಡುವವನೇ ಮಾಡಿಕೊಳ್ಳಬೇಕು. ಮೊದಲ ಪದದ ಕೊನೆಯ ಅಕ್ಷರವೂ ಎರಡನೆಯ ಪದದ ಮೊದಲಕ್ಷರವೂ ಒಂದೇ ಆಗಿದ್ದರೆ ಜನ ಒಂದನ್ನು ನುಂಗಿಬಿಡುತ್ತಾರೆ. ನಡುವೆ ಅಡ್ಡಗೆರೆ ಹಾಕಬಹುದಾದರೂ, ಫೋನಿನಲ್ಲಿ ಹೇಳುವಾಗ ಆ ಗೆರೆಯನ್ನು ಯಾರೂ ಹೇಳುವುದಿಲ್ಲ, ಹೇಳಿದರೂ ಯಾರೂ ಬರೆದುಕೊಳ್ಳುವುದಿಲ್ಲ.

ಹಾಗಾದರೆ ಯಾವ ಮಾತು ಒಳ್ಳೆಯದು? ಹ್ರಸ್ವಸ್ವರಗಳೇ ಇರುವ, ಮಹಾಪ್ರಾಣವೂ ಒತ್ತಕ್ಷರವೂ ಇಲ್ಲದ, ಲಳ ನಣ ಟತ ಡದಗಳ ಗೊಂದಲಕ್ಕೆ ಸಿಲುಕದ ಕನ್ನಡ ಮಾತು. ಬುಗುರಿ ಎಂದು ಬರೆಯಿರೆಂದು ಹತ್ತು ಮಂದಿಗೆ ಹೇಳಿನೋಡಿ, ಹತ್ತರಲ್ಲಿ ಒಂಬತ್ತು ಮಂದಿ ಒಂದೇ ಬಗೆಯಾಗಿ ಬರೆಯುತ್ತಾರೆ. ನಾನು ಬುಗುರಿಯನ್ನು ಹೇಳಿದ್ದು ಉದಾಹರಣೆಗೆ. ಅದು ಈಗಾಗಲೇ ಬೇರೆಯವರ ಪಾಲಾಗಿರಬಹುದು. ನಿಮ್ಮ ಅಜ್ಜಂದಿರ ಬಾಯಲ್ಲಿ ಇಂಥ ಮಾತುಗಳು ಇನ್ನೂ ಎಷ್ಟೋ ಇರಬೇಕು, ಅವರನ್ನು ಕೇಳಿ.

ಕಿವಿಯ ಪರೀಕ್ಷೆಯನ್ನು ಲಘುವಾಗಿ ಎಣಿಸಬೇಡಿ. ಜೆಫ್ ಬೆಜೋಸ್ 1994ರಲ್ಲಿ ತಮ್ಮ ಪುಸ್ತಕದಂಗಡಿಗೆ ಮೊದಲು ಇಟ್ಟ ಹೆಸರು ಕಡಾಬ್ರಾ. ಫೋನಿನಲ್ಲಿ ಅವರ ವಕೀಲರಿಗೆ ಅದು ಕಡಾವರ್, ಅಂದರೆ ಹೆಣ, ಎಂದು ಕೇಳಿಸಿತು. ಹೆಸರು ಬದಲಾಗಿ ಅಮೆಜಾನ್ ಆಯಿತು. ಅದರಲ್ಲಿ ಇನ್ನೊಂದು ಪಾಠವೂ ಉಂಟು. ಅಂದು ಅವರು ಮಾರುತ್ತಿದ್ದುದು ಪುಸ್ತಕಗಳನ್ನು ಮಾತ್ರ. ಪುಸ್ತಕ ಎಂಬ ಕೀವರ್ಡನ್ನೇ ಹೆಸರಿನಲ್ಲಿ ಕಟ್ಟಿಹಾಕಿಕೊಂಡಿದ್ದರೆ, ಮುಂದೆ ಬೇರೆ ಸರಕುಗಳನ್ನು ಮಾರತೊಡಗಿದಾಗ ಆ ಹೆಸರೇ ಕಾಲಿಗೆ ತೊಡರಿಕೊಳ್ಳುತ್ತಿತ್ತು.

ಹಾಗೆ ತೊಡರಿಕೊಂಡದ್ದನ್ನು ನಾನು ಹತ್ತಿರದಿಂದ ಬಲ್ಲೆ. ಮಲೆನಾಡಿನಲ್ಲಿರುವ ನನ್ನ ಸೋದರಮಾವನ ಮಗ ಅಡಕೆ ಹಾಳೆಯ ತಟ್ಟೆ ಮಾಡುತ್ತಾನೆ. ನನ್ನ ಸಲಹೆಯಂತೆಯೇ ಅವನು ತಟ್ಟೆಯ ಇಂಗ್ಲಿಷ್ ಹೆಸರನ್ನು ಹಾಗೆಯೇ ಡೊಮೇನಾಗಿ ಪಡೆದನು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಅದೇ ಹೆಸರನ್ನು ಬಹುವಚನದಲ್ಲಿ, ಕೊನೆಗೊಂದು ಎಸ್ ಸೇರಿಸಿ, ಬೇರೊಬ್ಬರು ಪಡೆದರು. ಇವನ ಹಳೆಯ ಗಿರಾಕಿಗಳ ಪತ್ರಗಳು ಅಲ್ಲಿಗೆ ಹೋಗತೊಡಗಿದವು. ತಕರಾರು ಮಾಡಲು ಇವನಿಗೆ ಆಧಾರವಿರಲಿಲ್ಲ, ಏಕೆಂದರೆ ತಟ್ಟೆಯನ್ನು ತಟ್ಟೆಯೆಂದು ಕರೆಯುವ ಹಕ್ಕು ಎಲ್ಲರಿಗೂ ಉಂಟು. ಬಳಿಕ ಬಾಳೆನಾರಿನ ಚೀಲಗಳನ್ನೂ ಮಾಡಿದನು. ತಟ್ಟೆಯ ಹೆಸರಿನ ಅಂಗಡಿಯಲ್ಲಿ ಚೀಲವನ್ನು ಹುಡುಕುವವರು ಯಾರು? ಇಂದು ಬುಗುರಿ ಮಾಡುವ ನೀವು ನಾಳೆ ದೀಪದ ಕಂಬವನ್ನೋ ಬಳೆಯನ್ನೋ ಮಾಡುವಿರಿ. ನಿಮ್ಮಲ್ಲಿ ಅನೇಕರು ಈಗಾಗಲೇ ಮಾಡುತ್ತಿದ್ದೀರಿ.

ನ್ಯಾಯಾಲಯಗಳ ದೃಷ್ಟಿಯೂ ಇದಕ್ಕೆ ಸಮೀಪವಾಗಿದೆ. ಡೊಮೇನ್ ಹೆಸರಿಗೂ ವ್ಯಾಪಾರಮುದ್ರೆಗೆ ಸಲ್ಲುವಂಥ ರಕ್ಷಣೆಯುಂಟೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಆ ರಕ್ಷಣೆ ದೊರೆಯಬೇಕಾದರೆ ಹೆಸರು ನಿಮ್ಮದೆಂದು ಜನ ಗುರುತಿಸುವಂತಿರಬೇಕು. ಸಾಮಾನ್ಯನಾಮಕ್ಕೆ ಆ ಗುರುತು ದೊರೆಯುವುದು ಬಹುಕಾಲದ, ಬಹುಧನದ ಮಾತು.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದ ವಿಷಯಕ್ಕೆ ಬರುತ್ತೇನೆ. ಚನ್ನಪಟ್ಟಣದ ಬೊಂಬೆಗೆ 2005-06ರ ಸಾಲಿನಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಆ ಹೆಸರು ಯಾವನೊಬ್ಬನ ಸೊತ್ತೂ ಅಲ್ಲ, ಆ ಕಸುಬಿನ ಎಲ್ಲರ ಸೊತ್ತು ಎಂಬುದೇ ಆ ಕಾಯಿದೆಯ ತಿರುಳು. ಹೀಗಿರುವಲ್ಲಿ, ಊರು ಮತ್ತು ಬೊಂಬೆ ಮಾತ್ರವಿರುವ ಬರಿಯ ಹೆಸರನ್ನು ಒಬ್ಬ ಮಗನು ತನ್ನ ಮನೆಗೆಂದು ಹಿಡಿದುಕೊಂಡರೆ, ಕಾನೂನು ಏನೇ ಹೇಳಲಿ, ಪಕ್ಕದ ಮನೆಯ ಲೇತಿನವನಿಗೆ ಅನ್ಯಾಯವೇ ಆಯಿತು. ಅಂಥ ಹೆಸರುಗಳಲ್ಲಿ ಎಷ್ಟೋ ಈಗಾಗಲೇ ಯಾರಾರ ಕೈಸೇರಿರಬಹುದು. ಇನ್ನೂ ಉಳಿದಿರುವುದರಲ್ಲಿ ಒಂದನ್ನು ನೀವೆಲ್ಲ ಕೂಡಿ, ನಿಮ್ಮ ಸಂಘದ ಹೆಸರಿನಲ್ಲಿ ಪಡೆಯಿರಿ. ಅಲ್ಲಿ ಮಾರಾಟ ಬೇಡ. ಅಸಲಿ ಬೊಂಬೆಯನ್ನು ನಕಲಿಯಿಂದ ಬೇರ್ಪಡಿಸುವುದು ಹೇಗೆ, ಅರಗಿನ ಮೆರುಗಿಗೂ ಡಬ್ಬದ ಬಣ್ಣಕ್ಕೂ ವ್ಯತ್ಯಾಸವೇನು, ಯಾವ ಮನೆಯಲ್ಲಿ ಏನು ಮಾಡುತ್ತಾರೆ ಎಂಬುದನ್ನು ಬರೆದು, ಪ್ರತಿಯೊಂದು ಮನೆಯ ಅಂಕಿತವುಳ್ಳ ತಾಣಕ್ಕೂ ಅಲ್ಲಿಂದ ದಾರಿ ತೋರಿಸಿ. ಕೀವರ್ಡ್ ಮಾತ್ರವೇ ಇರುವ ಹೆಸರಿಗೆ ತಕ್ಕ ಸ್ಥಳ ಅದು.

ಹೆಸರಿನ ಅಂತ್ಯದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಡಾಟ್ ಇನ್ ಎಂಬುದು ಭಾರತಕ್ಕೆ ಸೇರಿದ್ದು, 2005ರಿಂದ ಅದು ಎಲ್ಲರಿಗೂ ಮುಕ್ತವಾಗಿದೆ. ಡಾಟ್ ಕಾಮ್ ದೊರೆಯಲಿಲ್ಲವೆಂದು ಹೆಸರನ್ನು ವಿಕಾರಗೊಳಿಸುವುದಕ್ಕಿಂತ ಒಳ್ಳೆಯ ಹೆಸರಿಗೆ ಡಾಟ್ ಇನ್ ಸೇರಿಸುವುದು ಮೇಲು. ನಮ್ಮ ಲಿಪಿಯಲ್ಲಿಯೇ ಬರೆದು ಡಾಟ್ ಭಾರತ ಎಂದು ಮುಗಿಸುವ ಅವಕಾಶವೂ ಇದೆಯೆಂಬುದು ನನಗೆ ಸಂತೋಷದ ಸಂಗತಿ. ಹಾಲೆಯು ಹಾಲೆಯಾಗಿಯೇ ಉಳಿಯುವುದು ಅಲ್ಲಿ ಮಾತ್ರ. ಆದರೆ ಯಂತ್ರವು ಅದನ್ನು ಒಳಗೊಳಗೇ ಎಕ್ಸ್, ಎನ್, ಎರಡು ಅಡ್ಡಗೆರೆ ಎಂದು ತೊಡಗುವ ರೋಮನ್ ಅಕ್ಷರಗಳ ಸರಮಾಲೆಯಾಗಿ ಮಾರ್ಪಡಿಸಿಕೊಳ್ಳುತ್ತದೆ, ಕೆಲವೆಡೆ ಆ ಸರಮಾಲೆಯೇ ಗಿರಾಕಿಯ ಕಣ್ಣಿಗೂ ಬೀಳುತ್ತದೆ. ಆ ಹೆಸರಿನ ಮಿಂಚಂಚೆಯನ್ನು ಎಲ್ಲ ಕಡೆಗಳಲ್ಲಿಯೂ ಸ್ವೀಕರಿಸುವುದಿಲ್ಲ. ಆದಕಾರಣ ಅದನ್ನು ಎರಡನೆಯ ಬಾಗಿಲಾಗಿ ಇಟ್ಟುಕೊಳ್ಳಿ. ಕನ್ನಡದಲ್ಲಿ ಹುಡುಕುವವರು ಅಲ್ಲಿಂದ ಬರಲಿ.

ಕೊನೆಯದಾಗಿ, ಹೆಸರು ಯಾರ ಹೆಸರಿನಲ್ಲಿರಬೇಕೆಂಬುದು. ನನ್ನ ಮಾವನ ಮಗನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಹೊತ್ತಿಗೆ ಅವನ ತಾಣವನ್ನು ನೋಡಿಕೊಳ್ಳುತ್ತಿದ್ದವನು ಡೊಮೇನನ್ನು ತನ್ನ ಹೆಸರಿಗೆ, ತನ್ನ ಮಿಂಚಂಚೆಗೆ ಬರೆಸಿಕೊಂಡಿದ್ದನು. ಊರು ಬಿಟ್ಟನು, ಫೋನ್ ನಂಬರು ಬದಲಾಯಿಸಿದನು. ಅವಧಿ ಮುಗಿಯುತ್ತಿದೆಯೆಂಬ ಎಚ್ಚರಿಕೆಗಳೆಲ್ಲ ಯಾರೂ ತೆರೆಯದ ಪೆಟ್ಟಿಗೆಗೆ ಬಂದು ಬಿದ್ದವು. ಡಾಟ್ ಕಾಮ್ ಹೆಸರು ನೋಂದಣಿಯಿಂದ ಬಿದ್ದುಹೋದ ಮೇಲೂ ದಂಡ ತೆತ್ತು ಬಿಡಿಸಿಕೊಳ್ಳಲು 30 ದಿನಗಳ ಗಡುವಿದೆ, ಅದರಾಚೆ ಐದು ದಿನ ಕಳೆದರೆ ಅದು ಯಾರಿಗೆ ಬೇಕಾದರೂ ದೊರೆಯುತ್ತದೆ. ನಮಗೆ ತಿಳಿದದ್ದು ಅದೂ ಕಳೆದ ಮೇಲೆ. ಅವನು ಎಂಟು ವರ್ಷ ಬೆವರಿಳಿಸಿ ಬೆಳೆಸಿದ ಹೆಸರಿನಲ್ಲಿ ಇಂದು ಯಾರೋ ಏನನ್ನೋ ಮಾರುತ್ತಿದ್ದಾರೆ. ಕಾಗದಪತ್ರಗಳನ್ನು ಮೊದಲೇ ನೋಡದಿದ್ದುದು ನನ್ನ ತಪ್ಪು. ಅದರ ನೋವು ಇನ್ನೂ ಆರಿಲ್ಲ. ದಯವಿಟ್ಟು ಹೆಸರನ್ನು ಮನೆಯ ಹಿರಿಯರ ಹೆಸರಿಗೆ ಬರೆಸಿ, ಮನೆಯವರು ದಿನವೂ ನೋಡುವ ಫೋನಿಗೂ ಮಿಂಚಂಚೆಗೂ ಜೋಡಿಸಿ. ಒಮ್ಮೆಗೆ 10 ವರ್ಷಗಳವರೆಗೆ ನೋಂದಾಯಿಸಬಹುದು. ಅಷ್ಟು ಹಣ ಒಟ್ಟಿಗೆ ಕೂಡದಿದ್ದರೆ ಮೂರು ವರ್ಷಕ್ಕಾದರೂ ಮಾಡಿಸಿ, ಮುಗಿಯುವ ತಾರೀಖನ್ನು ಲೇತಿನ ಮೇಲಿನ ಗೋಡೆಯಲ್ಲಿ ದೊಡ್ಡದಾಗಿ ಬರೆದಿಡಿ.

ಸಂಕ್ರಾಂತಿ ಕಳೆದ ಮೇಲೆ ನಾನು ಮತ್ತೆ ನಿಮ್ಮೂರಿಗೆ ಬರುವವನಿದ್ದೇನೆ. ಆ ಓಣಿಯ ಕೊನೆಯ ಮನೆಯ ಹುಡುಗನಿಗೆ ಒಂದು ಮಾತು: ಹೊಸ ರಟ್ಟಿನಲ್ಲಿ ಮೂರು ಹೆಸರುಗಳನ್ನು ಬರೆದಿಡಪ್ಪ, ಮೂರರಲ್ಲಿ ಒಂದಾದರೂ ತಾತನ ಆ ಮೂರು ಗೆರೆಗಳಿಂದ ಹುಟ್ಟಿರಲಿ. ನಾನು ಓಣಿಯ ಆ ತುದಿಯಲ್ಲಿ ನಿಂತಿರುತ್ತೇನೆ. ಲೇತನ್ನು ನಿಲ್ಲಿಸದೆ, ಅದರ ಸದ್ದಿನ ನಡುವೆಯೇ, ಫೋನಿನಲ್ಲಿ ಒಂದೊಂದು ಹೆಸರನ್ನೂ ಒಂದೊಂದು ಸಲ ಹೇಳು. ನಾನು ಕೇಳಿ ಬರೆದುಕೊಂಡದ್ದೂ ನೀನು ರಟ್ಟಿನ ಮೇಲೆ ಬರೆದದ್ದೂ ಅಕ್ಷರಕ್ಕೆ ಅಕ್ಷರ ಕೂಡಿದ ಹೆಸರನ್ನು ಅಂದೇ ಸಂಜೆ ನಿಮ್ಮ ತಂದೆಯವರ ಹೆಸರಿಗೆ ನೋಂದಾಯಿಸೋಣ.

ಇತಿ ನಿಮ್ಮ ಹಿತೈಷಿ,
ಜಾಲತಾಣ ಕಟ್ಟುವ ಕಸುಬಿನವನೊಬ್ಬ